ಚೌಕ ಕಂಸ

ಜಿನೀವಾದ ಆ ಕಟ್ಟಡದ ನೆಲಮಾಳಿಗೆಯಲ್ಲಿ
ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸುತ್ತಾಳೆ ಮಾರ್ತ್ ಜಕ್ಕೂ,
ಮೊಣಕೈವರೆಗೆ ಮಸಿ.
ಮೇಲೆ ಸಭಾಂಗಣದಲ್ಲಿ ಒಂದು ಪದ ಅತ್ತಿತ್ತ ಆದರೆ
ಇಲ್ಲಿ ಇವಳ ನಿದ್ದೆ ಹೋಯಿತು.

ಮಾತುಕತೆಗೆ ಇದು ಮೂರನೆಯ ವಸಂತ.
ಒಪ್ಪಿಗೆಯಾಗದ್ದನ್ನೆಲ್ಲ ಚೌಕ ಕಂಸದೊಳಗೆ ಹಾಕುವುದು ಇಲ್ಲಿಯ ವಾಡಿಕೆ:
[ಗಾಯಾಳುಗಳನ್ನು] [ಆಸ್ಪತ್ರೆಗಳನ್ನು]
[ಹದಿನೈದು ತುಂಬದ ಮಕ್ಕಳನ್ನು]
ಒಂದೊಂದಕ್ಕೂ ಎರಡು ಗೋಡೆ, ಬಾಗಿಲಿಲ್ಲ.
ಈ ಗುರುತಿಗೆ ಕಂಸ ಎಂದು ಹೇಳಿಕೊಟ್ಟ ನಮ್ಮ ಗಣಿತದ ಮೇಷ್ಟರಿಗೆ
ಸೆರೆಯಲ್ಲಿ ಹುಟ್ಟಿದ ಕೂಸುಗಳ ನೆನಪು ಬಂದಿತ್ತೋ ಏನೋ.

"ಇದು ನಮ್ಮ ಮನೆಯ ಜಗಳ," ಎಂದರು ಒಬ್ಬ ರಾಯಭಾರಿ,
ಕನ್ನಡಕ ಒರೆಸುತ್ತ, ಮೃದುವಾಗಿ.
"ಬಂಡುಕೋರರನ್ನು ಪಕ್ಷ ಎಂದು ಕರೆದರೆ
ನಾಳೆ ಕುರ್ಚಿ ಕೇಳುತ್ತಾರೆ."
ಅವರ ದೇಶದ ಬಡಗಣ ಜಿಲ್ಲೆಗಳಲ್ಲಿ ಆ ವಾರವೂ ಊರು ಉರಿಯುತ್ತಿತ್ತು;
ಅವರ ಕಡತದಲ್ಲಿ ಅದು 'ಅಶಾಂತಿ'.
ಉಂಡು ಮಲಗುವ ತನಕದ ಜಗಳವೇ ಸ್ವಾಮಿ ಇದು?
ಉಂಡವರಿಲ್ಲ ಅಲ್ಲಿ. ಮಲಗಿದವರು ಎದ್ದಿಲ್ಲ.
ಹಾಗೆಂದು ಯಾರೂ ಅನ್ನಲಿಲ್ಲ.
ದುಭಾಷಿಗಳು ಗಂಟಲು ತೇವ ಮಾಡಿಕೊಂಡರು,
ಅಧ್ಯಕ್ಷರು ಕಾಫಿಗೆ ಬಿಟ್ಟರು.

ಕೆಲಸ ಆಗುವುದು ಕಾಫಿಯ ಹೊತ್ತಿನಲ್ಲೇ.
ಕಿಟಕಿಯ ಬಳಿ ನಾಲ್ಕು ಜನ, ಆಚೆ ಸರೋವರ, ಒಂದು ಪೆನ್ಸಿಲ್.
ಸಾಲುಸಾಲಿನಿಂದ 'ಪಕ್ಷ' ಎದ್ದುಹೋಯಿತು.
ಕರ್ತರಿ ಹೋಗಿ ಕರ್ಮಣಿ ಬಂತು:
ಗಾಯಾಳುಗಳು ರಕ್ಷಿಸಲ್ಪಡತಕ್ಕದ್ದು.
ಯಾರಿಂದ?
ವ್ಯಾಕರಣ ಕೇಳುತ್ತದೆ. ಒಪ್ಪಂದ ಕೇಳುವುದಿಲ್ಲ.
ಇನ್ನೂ ಕೆಲವು ಕಡೆ ತಕ್ಕದ್ದು ಎಂಬ ಎಲುಬನ್ನೇ ತೆಗೆದು
'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಹತ್ತಿ ತುಂಬಿದರು.

ರಾತ್ರಿ ಹನ್ನೊಂದಕ್ಕೆ ಕೆಳಗಿಳಿದು ಬಂದ ಹಾಳೆಯಲ್ಲಿ
ಎಂಟು ಕಲಮುಗಳಿಗೆ ಕಂಸ. ಏಳರ ಮೇಲೆ ಗೀಟು.
ಮಾರ್ತ್ ಸ್ಟೆನ್ಸಿಲಿಗೆ ಗುಲಾಬಿ ದ್ರವ ಬಳಿದಳು,
ಉಗುರಿಗೆ ಬಣ್ಣ ಹಚ್ಚುವಂಥ ಪುಟ್ಟ ಕುಂಚದಲ್ಲಿ,
ಬಗ್ಗಿ ಊದಿದಳು,
ಮಗುವಿನ ತರಚಿದ ಮಂಡಿಗೆ ಊದುವ ಹಾಗೆ.

ಬಾಗಿಲಲ್ಲಿ ಟೆಸ್ಫಾಲೆಮ್.
ಅವನ ನಾಡು ಇನ್ನೂ ಭೂಪಟಕ್ಕೆ ಬಂದಿಲ್ಲ;
ಮೇಲೆ ಅವನಿಗೆ ಆಸನವಿಲ್ಲ,
ಹಾಳೆ ಹಂಚುವ ಪಟ್ಟಿಯಲ್ಲಿ ಹೆಸರಿಲ್ಲ.
ಕೋಟು ಯಾರದೋ, ತೋಳು ಉದ್ದ.
ಮೂರು ವಾರದಿಂದ ಬರುತ್ತಾನೆ. ಮಸಿ ಕದಡಿ ಕೆಟ್ಟ ಪ್ರತಿಗಳನ್ನು
ಬುಟ್ಟಿಗೆ ಹಾಕುವ ಬದಲು ಇವಳು ಅವನ ಕೈಗೆ ಹಾಕುತ್ತಾಳೆ.
ಒಮ್ಮೆ ಖರ್ಜೂರ ತಂದಿದ್ದ. ಮಾತು ಹೆಚ್ಚಿಲ್ಲ,
ಅವನ ಫ್ರೆಂಚ್ ಅಷ್ಟಕ್ಕಷ್ಟೆ.

ಇಂದು ನಿಂತೇ ಓದಿದ.
ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು,
ಖಾಲಿ ಜಾಗ ಬಂದಲ್ಲಿ ತಡೆಯಿತು, ಮತ್ತೆ ಇಳಿಯಿತು.
ಎಂಟನೆಯದೊಂದು ಹೇಗೋ ಕೈ ಜಾರಿ ಉಳಿದಿತ್ತು.
ಯಾರ ಮರೆವೋ, ಯಾರ ಸುಸ್ತೋ, ಪೆನ್ಸಿಲಿನ ಮೊನೆ ಮುರಿಯಿತೋ:

ಸತ್ತವರನ್ನು ಹುಡುಕತಕ್ಕದ್ದು.
ಅವರ ಮೈ ಮೇಲಿನದನ್ನು ದೋಚದಂತೆ ಕಾಯತಕ್ಕದ್ದು.
ಮರ್ಯಾದೆಯಿಂದ ಮಣ್ಣು ಮಾಡತಕ್ಕದ್ದು.

"ಯಾರು ಹುಡುಕಬೇಕು ಅಂತ ಬರೆದಿಲ್ಲ," ಎಂದ.
"ಇಲ್ಲ."
"ಹಾಗಾದರೆ ನನ್ನ ಅತ್ತಿಗೆಯೂ ಹುಡುಕಬಹುದು."

ಅವಳು ಏನೂ ಹೇಳದೆ ಹಿಡಿ ತಿರುಗಿಸಿದಳು.
ಬೆಳಗ್ಗೆ ಒಂಬತ್ತಕ್ಕೆ ಬೇಕಾದದ್ದು ನೂರಾ ಹತ್ತು ಪ್ರತಿ.
ನೂರಾ ಹನ್ನೊಂದು ತೆಗೆದಳು.
ಕೊನೆಯದು ಕೆಟ್ಟಿರಲಿಲ್ಲ.