ಹಿಡಿದಷ್ಟು ಹಿಡೀಲಿ

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ
ಫೆಲಿಕ್ಸನ ಕ್ಯಾಸೆಟ್ಟಂಗಡಿ.
ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಕೊಟ್ಟರೆ
ವಾರ ಬಿಟ್ಟು ಬನ್ನಿ ಅನ್ನುತ್ತಿದ್ದ,
ಹಲ್ಲಿನ ಡಾಕ್ಟರ ಹಾಗೆ.

ಅಕ್ಕ ವಾರಿಜಾ ಪಟ್ಟಿ ಬರೆದದ್ದು
ಅಪ್ಪನ ಓವರ್‌ಟೈಮ್ ಚೀಟಿಯ ಬೆನ್ನಿಗೆ.
ಭದ್ರಾವತಿಯಿಂದ ಬರುವ ಬಸ್ಸಿನಲ್ಲೇ ಎರಡು ಸಲ
ಹೊಡೆದುಹಾಕಿ ಮತ್ತೆ ಬರೆದಳು.
ಫೆಲಿಕ್ಸ್ ಬೆರಳು ಮಡಿಸಿ ಲೆಕ್ಕ ಹಾಕಿದ:
ಕೊನೇದು ಪೂರ್ತಿ ಕೂರಲ್ಲಮ್ಮಾ, ಸಣ್ಣದು ಯಾವುದಾದರೂ ಹಾಕಲಾ?
ಬೇಡ, ಅದೇ ಇರಲಿ, ಅಂದಳು ಅಕ್ಕ,
ಹಿಡಿದಷ್ಟು ಹಿಡೀಲಿ.

ಒಂದೇ ವಾರ ಓಡಿದ ಸಿನಿಮಾದ ಹಾಡು.
ಸಿನಿಮಾದ ಹೆಸರು ಕ್ವಾರ್ಟರ್ಸಿನಲ್ಲಿ ಯಾರಿಗೂ ನೆನಪಿರಲಿಲ್ಲ.
ಅಕ್ಕ ರೇಡಿಯೋದಲ್ಲಿ ಒಮ್ಮೆ ಕೇಳಿದ್ದಳಂತೆ,
ಅದೂ ಅರ್ಧ; ಸೆಲ್ಲು ಸತ್ತಿತ್ತಂತೆ.
ಬಿ ಸೈಡಿನ ತುದಿಯಲ್ಲಿ ಹೆಣ್ಣು ದನಿಯೊಂದು ಏರುತ್ತ ಏರುತ್ತ
  ಸಂಜೆಯ ದೋಣಿಗೆ ನಾನಿನ್ನು ಕಾಯು—
ಟಕ್.
ಗುಂಡಿ ತಾನೇ ಎದ್ದು ನಿಲ್ಲುತ್ತಿತ್ತು.

ಕಾಯುವೆ, ಅಂತ ನಾನು.
ಕಾಯುವುದಿಲ್ಲ, ಅಂತ ಅಕ್ಕ.
ನೈಟ್ ಶಿಫ್ಟ್ ಮುಗಿಸಿದ ಅಪ್ಪ ಮಲಗಿರುತ್ತಿದ್ದ;
ಪಿಸುದನಿಯಲ್ಲೇ ಜಗಳ.
ಪೆನ್ಸಿಲು ತೂರಿಸಿ, ತಿರುಗಿಸಿ, ಮತ್ತೆ ಹಾಕಿ,
ಮತ್ತೆ ಅಲ್ಲಿಗೇ ಬಂದು, ಟಕ್.
ಕಾರ್ಖಾನೆಯ ಸೈರನ್ನು ಕೂಗಿ ನಿಂತರೂ
ನಮ್ಮಿಬ್ಬರ ನಾಲಗೆ ತಾನಾಗಿ ಹೇಳುತ್ತಿತ್ತು: ಟಕ್.

ನೋಡಿ ಹೋದ ಕೊಪ್ಪದ ಗಂಡು
ಕಾಗದ ಬರೆಯುವುದನ್ನು ಬಿಟ್ಟಾಗ
ಅಕ್ಕ ನನಗೆ ಹೇಳಿದ ಸಮಾಧಾನ ಅದೊಂದೇ. ನಕ್ಕೆ.
ಐದನೇ ತಿಂಗಳಿಗೆ ಅವಳ ಹೊಟ್ಟೆಯದು ನಿಂತಾಗ
ಆಸ್ಪತ್ರೆಯ ಕಿಟಕಿಗೆ ಮುಖ ಮಾಡಿ ಅವಳೇ ಅಂದಳು.
ನಗಲಿಲ್ಲ ಯಾರೂ.
ಸಂಜೆಯ ಕಾಫಿ ಬರುವ ತನಕ ಕೈ ಬಿಡಲಿಲ್ಲ ನಾನು.

ಇಂಥವರು ಮಾತು ಬಿಟ್ಟದ್ದು
ಅಮ್ಮನ ಎರಡು ಬಳೆಗೆ, ಒಂದು ಸಹಿಗೆ.
ಅದನ್ನು ಇಲ್ಲಿ ಬರೆಯಲಾರೆ.

ಮೂರನೇ ವರ್ಷ, ಬಸ್ಸು ಮಂಡಗದ್ದೆ ದಾಟುವಾಗ
ಡ್ರೈವರು ಹಾಕಿದ ಕ್ಯಾಸೆಟ್ಟಿನಲ್ಲಿ ಹಾಡು ಪೂರ್ತಿ ಬಂತು.
ಕಾಯುವುದೇಕೆ, ಅಂದಳು ಹಾಡುವವಳು.
ಅಷ್ಟೇ.
ಆಮೇಲೆ ಕೊಳಲು, ಎರಡು ಚರಣ, ಏನೇನೋ.
ಯಾರದೋ ಮನೆಗೆ ತಪ್ಪಿ ಹೊಕ್ಕ ಹಾಗಿತ್ತು.
ಇದನ್ನು ಹೇಳಬಹುದಾದವಳು ಭೂಮಿಯ ಮೇಲೆ ಒಬ್ಬಳೇ.
ಇಳಿದವಳೇ ಎಸ್‌ಟಿಡಿ ಬೂತಿನೊಳಗೆ ನಿಂತೆ, ನಂಬರು ಬಾಯಿಪಾಠ.
ಹೊರಗಿದ್ದವರು ಗಾಜು ತಟ್ಟಿದರು.
ಬಂದುಬಿಟ್ಟೆ.

ಹೋದ ಮಾಘದಲ್ಲಿ, ನ್ಯೂಟೌನಿನ ಛತ್ರದಲ್ಲಿ,
ಚಿಕ್ಕಪ್ಪನ ಮೊಮ್ಮಗನ ಆರತಕ್ಷತೆ.
ಆರ್ಕೆಸ್ಟ್ರಾದ ಹೆಂಗಸಿಗೆ ಯಾರೋ ಚೀಟಿ ಕಳಿಸಿದರು.
ಓದಿ, ಕನ್ನಡಕ ಸರಿಮಾಡಿ, ಮತ್ತೆ ಓದಿ,
ಇದನ್ನು ಕೇಳುವವರು ಇನ್ನೂ ಇದ್ದಾರಾ! ಅಂದಳು ಮೈಕಿನಲ್ಲೇ.
ಕೀಬೋರ್ಡಿನ ಹುಡುಗ ಶ್ರುತಿ ಹುಡುಕಿದ.
ಮಕ್ಕಳು ಬಲೂನು ಒಡೆಯುತ್ತಿದ್ದರು.
  ಸಂಜೆಯ ದೋಣಿಗೆ ನಾನಿನ್ನು ಕಾಯು—
ಅವಳು ಮುಂದೆ ಹೋದಳು.
ನಾನು ಎಂದಿನಂತೆ ಅಲ್ಲೇ ಇಳಿದೆ, ತುಟಿಯೊಳಗೆ.
ಮೂರು ಸಾಲು ಮುಂದೆ, ಒಂದು ನರೆತ ಜಡೆಯ ಪಕ್ಕ,
ಕುರ್ಚಿಯ ಕೈಗೆ ತೋರುಬೆರಳೊಂದು
ಒಮ್ಮೆ ಬಡಿದು ನಿಂತಿತು.

ಎದ್ದು ಅಲ್ಲಿಗೆ ಹೋದೆ.
ಪಕ್ಕದ ಕುರ್ಚಿಯಲ್ಲಿಟ್ಟಿದ್ದ ತಾಂಬೂಲದ ಚೀಲ
ತೊಡೆಗೆ ಎತ್ತಿಕೊಂಡಳು, ತಿರುಗಿ ನೋಡದೆ.
ಕೂತೆ.
ಎರಡೂ ಚರಣ ಮುಗಿಯುವ ತನಕ ಇಬ್ಬರೂ ವೇದಿಕೆಯನ್ನೇ ನೋಡಿದೆವು.
ಇಬ್ಬರದೂ ತಪ್ಪು, ಅಲ್ಲವೇನೇ, ಅಂದಳು.
ಯಾವುದು ಅಂತ ನಾನು ಕೇಳಲಿಲ್ಲ.
ಚೀಟಿ ಯಾರದು ಅಂತಲೂ ಕೇಳಲಿಲ್ಲ.
ಅವಳ ಅಕ್ಷರ ಈಗ ಹೇಗಿದೆಯೋ,
ನೋಡಿ ಇಪ್ಪತ್ತೆರಡು ವರ್ಷ.