ನೀರು ಕುಡಿಸುವುದು

ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿ,
ಧರಾನಿನ ಗುಜರಿಯಿಂದ ಹೊತ್ತು ತಂದದ್ದು.
ಅಪ್ಪ ಅದನ್ನು ಅಡಿಗಲ್ಲಿಗೆ ಬಡಿದು, ಕಿವಿಗಿಟ್ಟು,
"ಬೆಟ್ಟ ಹತ್ತಿ ಇಳಿದ ಉಕ್ಕು, ತಾಳಿಕೊಳ್ಳುತ್ತೆ" ಅಂದ.

ಖುಕುರಿ ಬೇಕಾಗಿದ್ದದ್ದು ಸುಬೇದಾರ್ ಬಸ್ನೇತರಿಗೆ.
ಪಲ್ಟಣ ಬಿಟ್ಟು ಹನ್ನೆರಡು ವರ್ಷ,
ಈಗಲೂ ಬೆಳಿಗ್ಗೆ ಐದಕ್ಕೆ ಬೂಟಿಗೆ ಪಾಲಿಶ್.
ಬಿಸ್ಕತ್ತಿನ ರಟ್ಟಿನ ಮೇಲೆ ಬರೆದು ಕಳಿಸಿದ್ದರು:
ಅಲಗು ಹನ್ನೊಂದು ಇಂಚು. ಬೆನ್ನು ದಪ್ಪ.
ಎಮ್ಮೆ ಕೊಂಬಿನ ಹಿಡಿ, ಒರೆಗೆ ಬೆಳ್ಳಿಯ ಕಟ್ಟು.
ಗೋಡೆಗೆ ತೂಗಿದರೂ ಕಾದಾಡುವ ಕತ್ತಿಯೇ ಆಗಿರಬೇಕು.
ಕೊನೆಗೆ, ಎರಡು ಸಲ ಅಡಿಗೆರೆ ಎಳೆದು:
ಹದದ ಗೆರೆ ಕಣ್ಣಿಗೆ ಕಾಣಬೇಕು. ಅಲೆ ಅಲೆಯಾಗಿ.

ತಿದಿ ಒತ್ತುವುದು ನನ್ನ ಪಾಲಿಗೆ.
ಒಂಬತ್ತು ದಿನ ನನ್ನ ಜಡೆಯಲ್ಲಿ ಇದ್ದಿಲ ವಾಸನೆ,
ಶಾಲೆಯ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ.
(ಅದು ಮೊದಲೂ ಖಾಲಿಯೇ ಇತ್ತು, ಬಿಡಿ.)

ನೀರು ಕುಡಿಸುವ ಕೆಲಸ ಮಾತ್ರ ಅಮ್ಮನದು.
ಕತ್ತಲಾಗಬೇಕು ಅದಕ್ಕೆ;
ಹಗಲಲ್ಲಿ ಕೆಂಪು ಸುಳ್ಳು ಹೇಳುತ್ತದೆ.
ಬೆಳಿಗ್ಗೆ ಚಹಾ ಕಾಸಿದ ಅದೇ ಅಲ್ಯುಮಿನಿಯಂ ಕೆಟಲು,
ಮುಚ್ಚಳಕ್ಕೆ ತಂತಿ ಬಿಗಿದು, ಕೊಕ್ಕು ಬಾಗಿಸಿ
ಅವಳು ಕುಕ್ಕರುಗಾಲಲ್ಲಿ ಕಾಯುತ್ತಾಳೆ.
ಅಪ್ಪನ ಇಕ್ಕಳದಲ್ಲಿ ಅಲಗು
ಮಾಗಿದ ಕಿತ್ತಳೆಯ ಬಣ್ಣಕ್ಕೆ ಬರುವ ತನಕ.

ಮೊದಲನೆಯದು ಸೀಳಿತು.
ಟಿಣ್. ಅಷ್ಟೇ ಸದ್ದು.
ಯಾರೂ ಮಾತಾಡಲಿಲ್ಲ.
ಮಾರನೆಯ ದಿನ ಅಪ್ಪ ಆ ಹೋಳುಗಳನ್ನೇ ಕಾಸಿ
ಒರೆಯ ಬೆನ್ನಿಗೆ ಸಿಗಿಸುವ ಎರಡು ಮರಿಚೂರಿ ಬಡಿದ.

ಎರಡನೆಯ ರಾತ್ರಿ
ಅಮ್ಮ ನೀರನ್ನು ತುಸು ಬೆಚ್ಚಗೆ ಮಾಡಿಕೊಂಡಳು.
ಕೂಸಿನ ನೆತ್ತಿಗೆ ಹೊಯ್ಯುವಂತೆ, ಕಣ್ಣಿಗೆ ಇಳಿಯದಂತೆ,
ಬಾಯಂಚಿನ ಉದ್ದಕ್ಕೂ ಮಣಿಕಟ್ಟು ಏರಿಳಿಸುತ್ತ ಹೊಯ್ದಳು.
ಮೊನೆಗೆ ಒಂದು ಗುಟುಕು.
ಹೊಟ್ಟೆಗೆ ಹೊಟ್ಟೆ ತುಂಬ.
ಬೆನ್ನಿಗೆ ಏನೂ ಇಲ್ಲ: ಬೆನ್ನು ಮೆತ್ತಗಿರಬೇಕು,
ಪೆಟ್ಟು ಬಿದ್ದಾಗ ಬಾಗಲು ಬರಬೇಕು.
ಹಬೆಯಲ್ಲಿ ಅವಳ ಮುಖ ಇರಲಿಲ್ಲ,
ಬರೀ ಕೈಬಳೆ.

ಸಾಣೆ, ಮರಳು, ಬೂದಿ, ಎಣ್ಣೆಬಟ್ಟೆ.
ಲಪ್ಸಿ ಹಣ್ಣಿನ ಹುಳಿ ಬಳಿದು ಒರೆಸಿದಾಗ
ಗೆರೆ ಎದ್ದಿತು,
ಅರುಣ್ ನದಿಯ ಮೇಲೆ ಬೆಳಗಿನ ಮಂಜು ನಿಲ್ಲುವ ಎತ್ತರಕ್ಕೆ.
ಒಂದು ಕಡೆ ಮಾತ್ರ ಅಲೆ ಎಡವಿ, ಸಣ್ಣಗೆ ಗಂಟಾಗಿದೆ.
ಅಮ್ಮ ಕೆಮ್ಮಿದ್ದು ಅಲ್ಲಿ.

ಸುಬೇದಾರರು ಅಂಗಳದಲ್ಲಿ ಒರೆಯಿಂದ ಎಳೆದರು.
ಮುಂಗೈ ರೋಮ ಬೋಳಿಸಿ ನೋಡಿದರು,
ಬಿಸಿಲಿಗೆ ಓರೆ ಹಿಡಿದರು.
ಕೆಮ್ಮಿನ ಮೇಲೆ ಹೆಬ್ಬೆರಳಿಟ್ಟು,
"ಹರ್ಕಬೀರ್, ಇದೇ ನೋಡು ಕಸುಬು! ಹೇಗೆ ತಂದೆ ಇದನ್ನು?"
ಅಪ್ಪ ತಲೆ ಕೆರೆದುಕೊಂಡ.
ಅಮ್ಮ ಸೆರಗಿನ ತುದಿಯ ನೂಲು ಕೀಳುತ್ತಿದ್ದಳು.

ಚಹಾ ಬಂತು.
ಜಗಲಿಯಂಚಿನಲ್ಲಿ ಇಟ್ಟು ಹೋದರು, ನಾವು ಎತ್ತಿಕೊಂಡೆವು.
ಕುಡಿದು, ನಲ್ಲಿಯಲ್ಲಿ ತೊಳೆದು,
ಮೂರು ಲೋಟ ಕಲ್ಲುಗೋಡೆಯ ಮೇಲೆ ಕವುಚಿಟ್ಟೆವು.
ನಮ್ಮ ಕೈಯ ನೀರು ಆ ಮನೆಗೆ ಸಲ್ಲದು, ಎಲ್ಲರಿಗೂ ಗೊತ್ತು.
ಖುಕುರಿಯನ್ನು ಅವರು ಎರಡೂ ಕೈಯಲ್ಲಿ ಎತ್ತಿ
ಹೊಸ್ತಿಲು ದಾಟಿಸಿ ದೇವರ ಕೋಣೆಗೆ ಒಯ್ದರು.
ದಸೈಂ ಹತ್ತಿರ ಬಂದಿತ್ತು:
ಅಕ್ಷತೆ, ಚೆಂಡುಹೂ, ಅದರ ಹಣೆಗೆ ಕುಂಕುಮ.

ಟಕ್ಸಾರಿನ ಇಳಿಜಾರಿನಲ್ಲಿ ಅಪ್ಪ ನೋಟು ಎಣಿಸುತ್ತ ಮುಂದೆ ಹೋದ.
ನಾನು ಕೇಳಿದೆ,
"ಅಮ್ಮಾ, ಅದು ಎಷ್ಟು ನೀರು ಕುಡಿಯಿತು?"

ಅವಳು ನಿಂತು, ಚಪ್ಪಲಿಯೊಳಗಿನ ಕಲ್ಲು ಕೊಡವಿ,
ಹಿಂದೆ ಆ ಮನೆಯ ಕಡೆ ಒಮ್ಮೆ ನೋಡಿ
ನಕ್ಕಳು:

"ಒಂದು ಕೆಟಲು. ಮೇಲೆ ಅರ್ಧ."