ಬಿ ಇದೆ, ಅನ್ನಬಾರದು

ಅಶೋಕ ರಸ್ತೆಯ ರೈಲ್ವೆ ಗೇಟು ಬಿತ್ತೆಂದರೆ
ನನ್ನ ಕ್ಲಾಸು ಹತ್ತು ನಿಮಿಷ ತಡ.
ಸೈಕಲ್ಲು, ಲಗೇಜು ಆಟೊ, ಗೇಟಿನಡಿ ತಲೆ ತೂರಿಸಿ ಬರುವ ಧೈರ್ಯಸ್ಥರು
ಎಲ್ಲ ಸೇರುವ ಹೊತ್ತಿಗೆ ಏಳೂ ಹತ್ತು.
ಬಟ್ಟೆ ಅಂಗಡಿಯ ಮೇಲಿನ ಕೋಣೆ, ಒಂದೇ ಟ್ಯೂಬ್‌ಲೈಟು,
ಬೋರ್ಡಿನ ಮೇಲೆ ಯಾರೋ ಅಳಿಸದೆ ಹೋದ ಬಡ್ಡಿ ಲೆಕ್ಕ.

ಇವತ್ತಿನ ಪಾಠ: ಕೆಲಸಗಳ ಹೆಸರು.

"ಡ್ರೈವರ್ರು" ಅಂದ ಹಾಲೇಶ.
"ಡಾಕ್ಟ್ರು" ಅಂದಳು ಚಮನ್‌ಬೀ,
ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದ ಆಯಾ.
ನಾನು ತಿದ್ದಿದೆ: ಕೊನೆಯ ರ ನಾಲಿಗೆಗೆ ತಾಗಬಾರದು,
ಅದನ್ನು ಗಾಳಿಗೆ ಬಿಡಬೇಕು.
ಡಾಕ್ಟ. ಡ್ರೈವ. ಟೀಚ.

ಚಮನ್‌ಬೀ ಸೆರಗು ಬಾಯಿಗೆ ಹಿಡಿದಳು.
"ಅಯ್ಯ ಮಿಸ್, ಡಾಕ್ಟ್ರಿಗೆ ಡಾಕ್ಟ ಅಂತ ಹೆಂಗನ್ಲಿ?
ನಮ್ಮ ಬಾಯಾಗೆ ರು ಬಿಟ್ರೆ ಮರ್ಯಾದಿ ಬಿಟ್ಟಂಗೆ."

ನಾನು ಕಲಿತ ಕ್ಯಾಸೆಟ್ಟಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ಎಲ್ಲಿಂದಲೋ ಬಂದ ಮಾಸ್ಟರನ್ನು
ನಾವು ಮೇಷ್ಟ್ರು ಮಾಡಿಕೊಂಡದ್ದು ಕಿವಿ ಮಂದವಾಗಿ ಅಲ್ಲ,
ಅವನ ಬಾಲದಲ್ಲೊಂದು ಬಹುವಚನ ಕಂಡು
ಬರ್ರಿ, ಕುಂದ್ರಿ ಅಂತ ಕುರ್ಚಿ ಕೊಟ್ಟು.
ಕಂಡಕ್ಟ್ರು, ಇನ್ಸ್‌ಪೆಕ್ಟ್ರು, ಟೇಲರ್ರು.
ಕೂಲಿ ಮಾತ್ರ ಕೂಲಿ. ಆಯಾ ಬರೀ ಆಯಾ.
ಸ್ವೀಪರ್‌ಗೆ ಬಾಲ ಇದ್ದೂ ಯಾರೂ ರು ಎಳೆದದ್ದು ಕೇಳಿಲ್ಲ.
ಇದನ್ನು ಚಮನ್‌ಬೀಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಹಿಂದಿನ ಬೆಂಚಿನಲ್ಲಿ ದಾದಾಪೀರ್,
ಉಗುರ ಸಂದಿಯಲ್ಲಿ ಒಣಗಿದ ಬಿಳಿ ಸಿಮೆಂಟು.
ಸೋಮವಾರ ಹೊಸ ಆಸ್ಪತ್ರೆಯಲ್ಲಿ ಅವನ ಇಂಟರ್‌ವ್ಯೂ.
ಅವನ ಕಸುಬನ್ನು ಬೋರ್ಡಿಗೆ ಬರೆದೆ, ಏಳು ಅಕ್ಷರ.
"ಇದರಲ್ಲಿ ಬಿ ಇದೆ. ಅನ್ನಬಾರದು. ಪ್ಲಮರ್."
"ಐತಲ್ಲ ಮಿಸ್, ಯಾಕೆ ಅನ್ನಬಾರ್ದು?"
"ಅದು ಮೌನ."
ಬಹಳ ಹೊತ್ತು ಬಿಯನ್ನೇ ನೋಡಿದ.
"ಗ್ವಾಡಿ ಒಳಗಿನ ಪೈಪಿದ್ದಂಗೆ.
ಕಾಣಲ್ಲ, ಕಿತ್ರೆ ನೀರು ಬರಲ್ಲ."
ಹೂಂ ಅಂದೆ. ನನಗೆ ಹಾಗೆ ಹೊಳೆದಿರಲಿಲ್ಲ.

ಮೂರು ದಿನ ಪ್ಲಮರ್ ಪ್ಲಮರ್ ಅನ್ನುತ್ತಲೇ
ಪೈಪಿನ ಮರೆಗೆ ನೂಲು ಸುತ್ತಿದನಂತೆ,
ಕನ್ನಡಿಯ ಮುಂದೆ, ಮಗಳ ಮುಂದೆ,
ಹಗೇದಿಬ್ಬ ಸರ್ಕಲ್ಲಿನ ಅರ್ಧ ಚಹಾದ ಮುಂದೆ.

ಸೋಮವಾರ ಗೇಟು ತೆರೆದೇ ಇತ್ತು. ಆದರೂ ತಡವಾಗಿ ಬಂದ.
"ಐ ಆಮ್ ಎ ಪ್ಲಮರ್ ಅಂದೆ ಮಿಸ್.
ವಾಟ್ ಅಂದ್ರು. ಮತ್ತೆ ಅಂದೆ.
ಮೂರೂ ಜನ ಮುಖ ಮುಖ ನೋಡ್ಕೊಂಡ್ರು.
ಒಬ್ರು ಫೈಲು ತಿರುವಿ
'ಓ, ಪ್ಲಂಬರ್ರಾ! ನೆಟ್ಟಗೆ ಹೇಳಯ್ಯ' ಅಂದ್ರು.
ಬಿ ವಾಪಸ್ ಕೊಟ್ಟೆ. ಕೆಲಸ ಸಿಕ್ತು."

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ತುಸು ತಡವಾಗಿ.
ಅವನು ಪೇಪರ್ ಪೊಟ್ಟಣ ಬಿಚ್ಚಿ
ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಹಂಚಿದ.

ಅಂಗೈಯಲ್ಲಿ ಆ ಬಿಳಿ ಕಾಳು, ಇನ್ನೂ ಒಂದಿಷ್ಟು ಉಸುಕು.
ನಮ್ಮವ್ವ ಭಟ್ಟಿಯಲ್ಲಿ ಇದನ್ನೇ ಹುರಿದಳು,
ಹುಬ್ಬು ಕರಕಾಗುವಷ್ಟು ವರ್ಷ.
ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಗೆರೆ,
ಇಂಗ್ಲೀಷಿನಲ್ಲಿ ಏನು ಬರೆಯಲಿ ಸಾರ್ ಅಂದಿದ್ದೆ.
ಗುಮಾಸ್ತ ನನ್ನ ಪೆನ್ನು ಇಸಕೊಂಡು ತಾನೇ ಬರೆದ:
ನಿಲ್.
ಮೂರೇ ಅಕ್ಷರ. ಮೂರನ್ನೂ ಅನ್ನಬೇಕು,
ಒಂದೂ ಮೌನವಲ್ಲ.

"ಮುಂದಿಂದು ಮಿಸ್?" ಹಾಲೇಶ ಕೈ ಎತ್ತಿದ್ದ.
ಕೆಳಗೆ ಗೇಟಿನ ಗಂಟೆ ಹೊಡೆಯಿತು,
ಆಮೇಲೆ ರೈಲು. ಅದು ದಾಟುವತನಕ
ಯಾರು ಏನಂದರೂ ಯಾರಿಗೂ ಕೇಳದು.
ಬೋರ್ಡಿನ ಕಡೆ ತಿರುಗಿ, ಜೋರಾಗಿಯೇ ಅಂದೆ:
ಮಂಡಕ್ಕಿ ಹುರಿಯುವವರು.
ಕೊನೆಯ ರು ನಾಲಿಗೆಗೆ ಚೆನ್ನಾಗಿ ತಾಗಿತು.